ಪೆನ್‌ಡ್ರೈವ್ ತುಂಬ ಹಾಡು, ಡೆಕ್ಕಿಗೆ ಒಂದೂ ಕಾಣವಲ್ದು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ–ಜಮಖಂಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ಡ್ರೈವರ್ ತಲೆಯ ಮೇಲೆ ಎರಡು ಸ್ಪೀಕರ್. ಬೈಯುವವರು ಬೈಯಲಿ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಹಚ್ಚಿ ನಿಂತರೆ ಗಾಡಿ ಖಾಲಿಯಾಗುವುದಕ್ಕೆ ಇಡೀ ರಾತ್ರಿ ಹಿಡಿಯುವುದುಂಟು. ಆ ಥಂಡಿಯಲ್ಲಿ ಚಹಾ ಬಿಟ್ಟರೆ ಹಾಡೇ ಗತಿ.

ನನ್ನ ಅಕ್ಕನ ಮಗ ಈ ಹಂಗಾಮಿಗೆ ಹೊಸ ಡೆಕ್ ಕೂಡಿಸಿದ. 64 ಜಿಬಿಯ ಪೆನ್‌ಡ್ರೈವ್ ಕೊಂಡ. ಮೊಬೈಲಿನಲ್ಲಿ ಒಂದು ಆ್ಯಪಿಗೆ ರೊಕ್ಕ ಕಟ್ಟಿ ಇನ್ನೂರು ಹಾಡು ಡೌನ್‌ಲೋಡ್ ಮಾಡಿಕೊಂಡ. ಅವನ್ನು ಪೆನ್‌ಡ್ರೈವಿಗೆ ಹಾಕಿಸಲು ಮೊಬೈಲ್ ಅಂಗಡಿಗೆ ಹೋದರೆ ಅಲ್ಲಿಯ ಹುಡುಗ ಫೋನನ್ನು ಹತ್ತು ನಿಮಿಷ ತಡಕಾಡಿ, "ಅಣ್ಣಾ, ಇದರಾಗ ಹಾಡ ಇಲ್ಲಲ್ರೀ" ಎಂದನಂತೆ. ಸಿಟ್ಟಿಗೆದ್ದು ಮನೆಯ ಹಳೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಸುರಿದುಕೊಂಡು ಹೋದ. ರಾತ್ರಿ ಹನ್ನೊಂದಕ್ಕೆ ಅಂಗಳದಿಂದ ಫೋನ್ ಬಂತು: "ಮಾವಾ, ಪೆನ್‌ಡ್ರೈವ್ ತುಂಬ ಹಾಡ ಅದಾವು, ಡೆಕ್ಕಿಗೆ ಒಂದೂ ಕಾಣವಲ್ದು. ಡೆಕ್ ಖೊಟ್ಟಿ ಕೊಟ್ಟಾರೇನ?"

ಡೆಕ್ ಖೊಟ್ಟಿ ಇರಲಿಲ್ಲ. ಅವನ ಕೈಯಲ್ಲಿ ಮೂರು ಬೇರೆ ಬೇರೆ ತಕರಾರು ಒಂದೇ ಗಂಟಾಗಿ ಕೂತಿದ್ದವು. ಆ್ಯಪಿನ ಹಾಡಿಗೆ ಕೀಲಿ ಇತ್ತು (ಬೇರೆಲ್ಲೂ ಹಾಡದಂತೆ ಕಂಪನಿ ಹಾಕುವ ಬೀಗ), ಹಳೆಯ ಕಂಪ್ಯೂಟರಿನ ಹಾಡು ಡೆಕ್ಕಿಗೆ ತಿಳಿಯದ ಬಗೆಯದಾಗಿತ್ತು, ಪೆನ್‌ಡ್ರೈವನ್ನೇ ಡೆಕ್ ಓದುತ್ತಿರಲಿಲ್ಲ. ಮೂರಕ್ಕೂ ಮದ್ದು ಬೇರೆ. ಗಂಟು ಬಿಚ್ಚದೆ ಡೆಕ್ ಬದಲಿಸಿದರೆ ರೊಕ್ಕ ಹೋಗುತ್ತದೆ, ಹಾಡು ಬರುವುದಿಲ್ಲ. ಟ್ರ್ಯಾಕ್ಟರಿನ ಡೆಕ್ ಇರಲಿ, ಮಗ್ಗದ ಮನೆಯ ಸ್ಪೀಕರ್ ಡಬ್ಬಿ ಇರಲಿ, ಕಾರಿನ ಸ್ಟೀರಿಯೊ ಇರಲಿ, ಬಿಚ್ಚುವ ಕ್ರಮ ಒಂದೇ.

ಹೆಜ್ಜೆ 1: ತಪ್ಪು ಯಾರದೆಂದು ಮೊದಲು ಪತ್ತೆ ಹಚ್ಚಿ

ಬೇರೆ ಯಾರದಾದರೂ ಡೆಕ್ಕಿನಲ್ಲಿ ಹಾಡಿದ ಒಂದು ಎಂಪಿ3 ಹಾಡು ತನ್ನಿ. 8 ಅಥವಾ 16 ಜಿಬಿಯ ಹಳೆಯ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ (ಹೇಗೆಂದು ಹೆಜ್ಜೆ 5ರಲ್ಲಿದೆ) ಅದೊಂದೇ ಹಾಡು ಹಾಕಿ ಡೆಕ್ಕಿಗೆ ಚುಚ್ಚಿ. ಹಾಡಿತೇ? ಹಾಗಾದರೆ ಡೆಕ್ ಸರಿ ಇದೆ. ಅದೇ ಹಾಡನ್ನು ತಕರಾರಿನ ಪೆನ್‌ಡ್ರೈವಿಗೆ ಹಾಕಿ ನೋಡಿ. ಈಗ ಹಾಡದಿದ್ದರೆ ತಪ್ಪು ಪೆನ್‌ಡ್ರೈವಿನದು. ಹಾಡಿದರೆ, ನಿಮ್ಮ ಉಳಿದ ಹಾಡುಗಳದು. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಅಂಗಡಿಗೆ ಹೋಗಬೇಡಿ, ಅಂಗಡಿಯವರು ಮೊದಲು ತೋರಿಸುವುದು ಹೊಸ ಡೆಕ್ಕನ್ನೇ.

ಹೆಜ್ಜೆ 2: ಫೈಲಿನ ಅಡ್ಡಹೆಸರು ನೋಡಿ

ನಮ್ಮ ಕಡೆ ಹೊಸಬರು ಬಂದರೆ ಹೆಸರು ಕೇಳಿದ ಮೇಲೆ ಅಡ್ಡಹೆಸರು ಕೇಳುತ್ತೇವೆ. ಹಾಡಿನ ಫೈಲಿಗೂ ಒಂದು ಅಡ್ಡಹೆಸರಿದೆ, ಚುಕ್ಕೆಯ ನಂತರ ಬರುವ ಮೂರು ನಾಲ್ಕು ಅಕ್ಷರ. ವಿಂಡೋಸಿನಲ್ಲಿ ಅದು ಬಚ್ಚಿಟ್ಟುಕೊಂಡಿರುತ್ತದೆ. ಫೋಲ್ಡರ್ ತೆರೆದು ಮೇಲಿನ 'ವ್ಯೂ'ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಟಿಕ್ ಹಾಕಿದರೆ ಕಾಣುತ್ತದೆ. ಮೊಬೈಲಿನಲ್ಲಿ ಫೈಲನ್ನು ಒತ್ತಿ ಹಿಡಿದು 'ಡೀಟೇಲ್ಸ್' ನೋಡಿ.

ಎಂಪಿ3 ಇದ್ದರೆ ಚಿಂತೆಯಿಲ್ಲ. ಎಂತಹ ಅಗ್ಗದ ಡಬ್ಬಿಯೂ ಅದನ್ನು ಹಾಡುತ್ತದೆ. ಎಂ4ಎ ಇದ್ದರೆ ಸಾಮಾನ್ಯವಾಗಿ ಕೀಲಿ ಇರುವುದಿಲ್ಲ, ಆದರೆ ಅಗ್ಗದ ಡೆಕ್‌ಗಳಿಗೆ ಅದರ ಭಾಷೆ ಬರುವುದಿಲ್ಲ. ಫ್ಲ್ಯಾಕ್, ಓಗ್, ಓಪಸ್ ಕೂಡ ಹಾಗೆಯೇ: ಹಾಡು ಸರಿ, ಡೆಕ್ ದಡ್ಡ. ಎಂ4ಪಿ ಇದ್ದರೆ ಅದು ಆ್ಯಪಲ್‌ನ ಕೀಲಿ ಹಾಕಿದ ಹಾಡು, ಬೇರೆ ಯಾವ ಕಂಪನಿಯ ಪ್ಲೇಯರಿಗೂ ಬಗ್ಗದು. ಡಬ್ಲ್ಯೂಎಂಎ ಮಾತ್ರ ಎರಡು ನಾಲಿಗೆಯದು, ಕೀಲಿ ಇರಬಹುದು, ಇಲ್ಲದಿರಬಹುದು. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅದರೊಳಗೆ 'ಡೀಟೇಲ್ಸ್' ತೆರೆದರೆ 'ಪ್ರೊಟೆಕ್ಟೆಡ್' ಎಂಬ ಸಾಲಿರುತ್ತದೆ. 'ಯೆಸ್' ಎಂದಿದ್ದರೆ ಕೀಲಿ ಇದೆ.

ನಮ್ಮ ಅಳಿಯನಂಥವರು ಮಾಡುವ ಒಂದು ಕೆಲಸವಿದೆ: ಎಂ4ಎ ಅಳಿಸಿ ಅಲ್ಲಿ ಎಂಪಿ3 ಎಂದು ಬರೆಯುವುದು. ಅಡ್ಡಹೆಸರು ಬದಲಿಸಿದರೆ ಮನೆತನ ಬದಲಾಗುತ್ತದೆಯೇ? ಡೆಕ್ಕಿನಲ್ಲಿ ಹಾಡಿನ ಹೆಸರು ಕಾಣುತ್ತದೆ, ಸೊನ್ನೆ ಸೆಕೆಂಡಿಗೆ ನಿಲ್ಲುತ್ತದೆ, ಮುಂದಿನದಕ್ಕೆ ಜಿಗಿಯುತ್ತದೆ. ಹೀಗೆ ಜಿಗಿಜಿಗಿದು ಹೋಗುತ್ತಿದ್ದರೆ ಯಾರೋ ಹೆಸರು ತಿದ್ದಿರಬಹುದು ಎಂದು ತಿಳಿಯಿರಿ.

ಹೆಜ್ಜೆ 3: ಕೀಲಿ ಹಾಕಿದ ಹಾಡನ್ನು ಬೇರೆ ಇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ.

ಆ್ಯಪಿನಲ್ಲಿ 'ಡೌನ್‌ಲೋಡ್' ಎಂಬ ಗುಂಡಿ ಇರುತ್ತದಲ್ಲ, ಅದರ ಹೆಸರೇ ತಪ್ಪು ಎಂದು ನನ್ನ ಅಭಿಪ್ರಾಯ. ಅದನ್ನು ಒತ್ತಿದಾಗ ಹಾಡು ನಿಮ್ಮ ಫೋನಿಗೆ ಬರುವುದು ನಿಜ. ಆದರೆ ಆ್ಯಪಿನ ಒಳಕೋಣೆಯಲ್ಲಿ, ಅರ್ಥವಾಗದ ಹೆಸರಿನ ತುಂಡುಗಳಾಗಿ, ಗೂಢಲಿಪಿಯಲ್ಲಿ ಕೂರುತ್ತದೆ. ಬಿಚ್ಚುವ ಕೀಲಿ ಆ ಆ್ಯಪಿನ ಹತ್ತಿರ ಮಾತ್ರ. ಅಂಗಡಿ ಹುಡುಗನಿಗೆ ಹಾಡು ಸಿಗದಿದ್ದದ್ದು ಅದಕ್ಕೇ. ಬಾಡಿಗೆ ಕಟ್ಟುವವರೆಗೆ ಮಾತ್ರ ಮನೆ. ಸ್ಪಾಟಿಫೈ ಇದನ್ನು ಮುಚ್ಚಿಟ್ಟಿಲ್ಲ: 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಹಾಜರಿ ಹಾಕಬೇಕು, ಇಲ್ಲದಿದ್ದರೆ ಇಳಿಸಿಕೊಂಡ ಹಾಡು ಹಾಡುವುದಿಲ್ಲ.

ಇದು ಹೊಸ ರೋಗವಲ್ಲ. 2003ರಲ್ಲಿ ಆ್ಯಪಲ್ ಐಟ್ಯೂನ್ಸ್ ಅಂಗಡಿ ತೆರೆದಾಗ ಮಾರಿದ್ದೆಲ್ಲ ಕೀಲಿಯ ಹಾಡು. ಐಪಾಡಿನಲ್ಲಿ ಹಾಡುತ್ತಿತ್ತು, ಬೇರೆ ಪ್ಲೇಯರಿನಲ್ಲಿ ಇಲ್ಲ. ಅದಕ್ಕೆ ಎದುರಾಗಿ ಮೈಕ್ರೋಸಾಫ್ಟ್ 2004ರಲ್ಲಿ ಒಂದು ಗುರುತು ತಂದಿತು. ಆ ಗುರುತಿನ ಹಾಡು ಆ ಗುರುತಿನ ಎಲ್ಲ ಪ್ಲೇಯರಿನಲ್ಲೂ ಖಾತ್ರಿಯಾಗಿ ಹಾಡುತ್ತದೆ ಎಂಬ ಭರವಸೆ. ಎರಡು ವರ್ಷಕ್ಕೆ, 2006ರಲ್ಲಿ, ಅದೇ ಮೈಕ್ರೋಸಾಫ್ಟ್ ಜೂನ್ ಎಂಬ ತನ್ನದೇ ಪ್ಲೇಯರ್ ಬಿಟ್ಟಿತು, ಅದರಲ್ಲಿ ಆ ಖಾತ್ರಿಯ ಹಾಡುಗಳು ಹಾಡಲಿಲ್ಲ! ತಾನೇ ಕೊಟ್ಟ ಕೀಲಿ ತನ್ನದೇ ಬಾಗಿಲಿಗೆ ಹೊಂದಲಿಲ್ಲ. ಕಡೆಗೆ 2009ರ ಜನವರಿಯಲ್ಲಿ ಆ್ಯಪಲ್ ತನ್ನ ಅಂಗಡಿಯ ಹಾಡುಗಳಿಂದ ಕೀಲಿ ತೆಗೆಯುವುದಾಗಿ ಸಾರಿತು. ಆಗಿನಿಂದ ಕೊಳ್ಳುವ ಹಾಡಿಗೆ ಕೀಲಿ ಹೋಯಿತು. ಬಾಡಿಗೆಯ ಹಾಡಿಗೆ ಉಳಿಯಿತು.

ನಮ್ಮ ದೇಶದ ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದು 2013ರಲ್ಲೇ ಮುಚ್ಚಿತು. ಅದು ಮಾರಿದ್ದು ಕೀಲಿಯಿಲ್ಲದ ಎಂಪಿ3. ಅಂಗಡಿ ಹೋದರೂ ಅವತ್ತು ಇಳಿಸಿಕೊಂಡವರ ಹಾಡು ಇವತ್ತಿಗೂ ಹಾಡುತ್ತದೆ. 2024ರಲ್ಲಿ ವಿಂಕ್ ಮ್ಯೂಸಿಕ್ ಎಂಬ ಹಾಡಿನ ಆ್ಯಪ್ ಮುಚ್ಚಿತು. ಅದರೊಳಗೆ 'ಡೌನ್‌ಲೋಡ್' ಮಾಡಿಟ್ಟದ್ದು ಅದರ ಜೊತೆಗೇ ಹೋಯಿತು. ಅಂಗಡಿ ಎರಡೂ ಬಾಗಿಲು ಹಾಕಿದವು. ಒಂದರಲ್ಲಿ ಗಿರಾಕಿಯ ಕೈಯಲ್ಲಿ ಮಾಲು ಉಳಿಯಿತು, ಇನ್ನೊಂದರಲ್ಲಿ ರಸೀದಿ.

ನನಗೆ ಈ ಬುದ್ಧಿ ಬಂದದ್ದು ಕೈ ಸುಟ್ಟುಕೊಂಡ ಮೇಲೆ. ಅಪ್ಪನ ಹತ್ತಿರ ಭಜನಾ ಪದ, ವಚನ, ನಾಟ್ಯಸಂಗೀತದ ನಲವತ್ತು ಸಿ.ಡಿ. ಇದ್ದವು. ಹದಿನೈದಿಪ್ಪತ್ತು ವರ್ಷದ ಹಿಂದೆ ಒಂದು ಬೇಸಿಗೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಇಳಿಸುವ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ 'ಕಾಪಿ ಪ್ರೊಟೆಕ್ಟ್' ಎಂಬ ಸಣ್ಣ ಚೌಕಕ್ಕೆ ಟಿಕ್ ಬಿದ್ದಿತ್ತು. ನಾನು ನೋಡಲಿಲ್ಲ, ನೋಡಿದ್ದರೂ ಒಳ್ಳೆಯದೇ ಇರಬೇಕು ಎಂದುಕೊಳ್ಳುತ್ತಿದ್ದೆ. ಹಾಡಿದವು, ಚೆನ್ನಾಗಿಯೇ ಹಾಡಿದವು. ಕಂಪ್ಯೂಟರಿನಲ್ಲಿ ಇವೆಯಲ್ಲ ಎಂಬ ಧೈರ್ಯದಲ್ಲಿ ಸಿ.ಡಿ.ಗಳನ್ನು ಕೇಳಿದವರಿಗೆಲ್ಲ ಕೊಟ್ಟೆ, ಕೊಟ್ಟವು ಕೊಟ್ಟ ಕಡೆಯೇ ಉಳಿದವು. ಎರಡು ವರ್ಷದ ಮೇಲೆ ವೈರಸ್ ಬಂದು ಕಂಪ್ಯೂಟರ್ ಫಾರ್ಮ್ಯಾಟ್ ಆಯಿತು. ಹಾಡುಗಳನ್ನು ಬೇರೆ ಡಿಸ್ಕಿನಲ್ಲಿ ಜೋಪಾನ ಮಾಡಿದ್ದೆ. ಆದರೆ ಅವುಗಳ ಲೈಸೆನ್ಸ್ ಕುಳಿತಿದ್ದದ್ದು ಅಳಿಸಿಹೋದ ವಿಂಡೋಸಿನ ಒಳಗೆ. ನಲವತ್ತು ಸಿ.ಡಿ.ಯ ಹಾಡು ಕಣ್ಣೆದುರಿಗೆ ಫೈಲಾಗಿ ಕೂತಿದ್ದವು, ಒಂದನ್ನೂ ಹಚ್ಚಲು ಆಗಲಿಲ್ಲ. ನಮ್ಮದೇ ಸಿ.ಡಿ., ನಮ್ಮದೇ ಕಂಪ್ಯೂಟರ್, ಕೀಲಿ ಜಡಿದವನೂ ನಾನೇ. ಅಪ್ಪ ಒಂದೇ ಮಾತು ಅಂದರು: "ಸಿ.ಡಿ. ಯಾರಿಗೆ ಕೊಟ್ಟಿ, ಅವರ ಮನಿಗೆ ಹೋಗಿ ಬಾ."

ಸರಿ, ಕೀಲಿಯ ಹಾಡು ಸಿಕ್ಕಿದೆ. ಏನು ಮಾಡುವುದು?

ಕೀಲಿ ಒಡೆಯುವ ಪ್ರೋಗ್ರಾಮ್ ಹುಡುಕಬೇಡಿ. 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಎಂಬ ಕಲಮು ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಅದು ಒಂದು ಕಡೆ ಇರಲಿ, 'ಪುಕ್ಕಟೆ ಕನ್ವರ್ಟರ್' ಎಂದು ಬರುವವುಗಳಲ್ಲಿ ಎಷ್ಟೋ ವೈರಸ್ಸಿನ ಗಂಟು.

ಆ್ಯಪಿನ ಹಾಡೇ ಬೇಕೆಂದರೆ ಫೈಲನ್ನು ಸಾಗಿಸುವುದು ಬಿಟ್ಟು ಧ್ವನಿಯನ್ನು ಸಾಗಿಸಿ. ಫೋನಿನಿಂದ ಬ್ಲೂಟೂತ್ ಮೂಲಕವೋ ಆಕ್ಸ್ ವಾಯರಿನ ಮೂಲಕವೋ ಡೆಕ್ಕಿಗೆ ಹಚ್ಚಿ. ಬಿಚ್ಚುವ ಕೆಲಸ ಫೋನ್ ಮಾಡುತ್ತದೆ, ಡೆಕ್ ಬರೀ ಗಂಟಲಾಗುತ್ತದೆ. ಕಾರಿಗೆ ಇದು ಸಾಕು. ಟ್ರ್ಯಾಕ್ಟರಿಗೆ ಸಾಲದು. ಹಾಡಿನ ನಡುವೆ ಮುಕಾದಮನ ಫೋನ್ ಬರುತ್ತದೆ, ಬೆಳಗಿನ ಜಾವಕ್ಕೆ ಬ್ಯಾಟರಿ ಸತ್ತಿರುತ್ತದೆ.

ಎಂ4ಪಿ ನಿಮ್ಮಲ್ಲಿದ್ದರೆ, ಅಂದರೆ ಪುಣೆಯಲ್ಲೋ ಪರದೇಶದಲ್ಲೋ ಇರುವ ಬಳಗದವರ ಹಳೆಯ ಐಪಾಡಿನಿಂದ ಬಂದಿದ್ದರೆ, ಅದನ್ನು ಕೊಂಡವರ ಖಾತೆಯಿಂದಲೇ ಐಟ್ಯೂನ್ಸಿನಲ್ಲಿ ಆಡಿಯೊ ಸಿ.ಡಿ. ಬರೆಯಲು ಆ್ಯಪಲ್ಲೇ ಮೊದಲಿನಿಂದ ದಾರಿ ಬಿಟ್ಟಿದೆ. ನಿಮ್ಮ ಹತ್ತಿರ ಆ ಖಾತೆ ಇಲ್ಲದಿದ್ದರೆ ಆ ಫೈಲಿನ ಆಸೆ ಬಿಡಿ.

ಹೆಜ್ಜೆ 4: ಕೀಲಿಯಿಲ್ಲದ್ದನ್ನು ಎಂಪಿ3 ಮಾಡಿ

ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಪ್ಲೇಯರ್ ಇದ್ದರೆ ಬೇರೇನೂ ಬೇಡ. 'ಮೀಡಿಯಾ' ಮೆನುವಿನಲ್ಲಿ 'ಕನ್ವರ್ಟ್/ಸೇವ್' ಒತ್ತಿ, ಹಾಡು ಸೇರಿಸಿ, ಪ್ರೊಫೈಲ್ ಎಂಬಲ್ಲಿ ಎಂಪಿ3 ಆರಿಸಿ, ಹೊಸ ಹೆಸರು ಕೊಟ್ಟು 'ಸ್ಟಾರ್ಟ್' ಒತ್ತಿ. ಒಂದೆರಡು ಹಾಡಿಗೆ ಇದು ಸರಿ. ಇನ್ನೂರು ಹಾಡಿದ್ದರೆ 'ಫ್ರೀ:ಎಸಿ' ಎಂಬ ಪುಕ್ಕಟೆ ಪ್ರೋಗ್ರಾಮ್ ಹಾಕಿಕೊಳ್ಳಿ. ಎಲ್ಲ ಹಾಡನ್ನೂ ಒಮ್ಮೆಲೇ ಎಳೆದು ಬಿಟ್ಟು, ಎನ್‌ಕೋಡರ್ ಎಂಬಲ್ಲಿ 'ಲೇಮ್ ಎಂಪಿ3' ಆರಿಸಿ ಬಿಟ್ಟರೆ ಊಟ ಮಾಡಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಎಷ್ಟು ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಮಾಹಿತಿ ಎಂಬ ಅಳತೆ, ಬಿಟ್‌ರೇಟ್ ಎನ್ನುವುದೂ ಇದನ್ನೇ) ಇಡಬೇಕು? 128ರಲ್ಲಿ ನಿಮಿಷಕ್ಕೆ ಸುಮಾರು 1 ಎಂಬಿ, 320ರಲ್ಲಿ ಸುಮಾರು 2.4 ಎಂಬಿ. ಅಂದರೆ 16 ಜಿಬಿಯಲ್ಲಿ 128ಕ್ಕೆ 270 ತಾಸಿಗೂ ಮೇಲೆ, 320ಕ್ಕೆ 110 ತಾಸು ಹಾಡು ಹಿಡಿಯುತ್ತದೆ. ಟ್ರ್ಯಾಕ್ಟರಿನ ಇಂಜಿನ್ ಸದ್ದಿನಲ್ಲಿ 128ಕ್ಕೂ 320ಕ್ಕೂ ಫರಕು ಹೇಳುವ ಕಿವಿ ನಾನು ಕಂಡಿಲ್ಲ, ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಂತೂ ಕೇಳಲೇ ಬೇಡಿ. ಮನೆಯಲ್ಲಿ ಕೂತು ಖಯಾಲ್ ಕೇಳುವವರು 256 ಅಥವಾ 320 ಇಡಿ, ತಂಬೂರಿಯ ಝೇಂಕಾರದಲ್ಲಿ ಫರಕು ಗೊತ್ತಾಗುತ್ತದೆ. ಸೆಟ್ಟಿಂಗಿನಲ್ಲಿ 'ಕಾನ್‌ಸ್ಟಂಟ್' ಬಿಟ್‌ರೇಟ್ ಇರಲಿ. ಏರಿಳಿಯುವ ಬಿಟ್‌ರೇಟ್ ಇದ್ದರೆ ಕೆಲವು ಹಳೆಯ ಡೆಕ್ ಹಾಡಿನ ಸಮಯವನ್ನು ತಪ್ಪುತಪ್ಪಾಗಿ ತೋರಿಸುತ್ತವೆ.

ಒಂದು ಮಾತು ನೆನಪಿಡಿ: 128ರ ಹಾಡನ್ನು 320 ಮಾಡಿದರೆ ಸೈಜು ಊದುತ್ತದೆ, ಧ್ವನಿ ಸುಧಾರಿಸುವುದಿಲ್ಲ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದಂತೆ. ಪ್ರತಿ ಸಲ ಬದಲಿಸಿದಾಗಲೂ ಸ್ವಲ್ಪ ಸ್ವಲ್ಪ ಕಳೆಯುತ್ತದೆ, ಆದ್ದರಿಂದ ಮೂಲ ಫೈಲನ್ನು ಅಳಿಸಬೇಡಿ.

ಹೆಜ್ಜೆ 5: ಪೆನ್‌ಡ್ರೈವನ್ನು ಡೆಕ್ಕಿಗೆ ತಿಳಿಯುವಂತೆ ಫಾರ್ಮ್ಯಾಟ್ ಮಾಡಿ

ಅಳಿಯನ 64 ಜಿಬಿಯ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿತ್ತು. 64 ಮತ್ತು ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಅಂಗಡಿಯಿಂದಲೇ ಹಾಗೆ ಬರುತ್ತವೆ. ಹೆಚ್ಚಿನ ಅಗ್ಗದ ಡೆಕ್‌ಗಳು ಓದುವುದು ಫ್ಯಾಟ್32 ಒಂದನ್ನೇ. ಎನ್‌ಟಿಎಫ್‌ಎಸ್ ಆದರೂ ಕಾಣದು.

ಒಳಗಿದ್ದದ್ದನ್ನು ಬೇರೆಡೆ ಎತ್ತಿಟ್ಟುಕೊಳ್ಳಿ, ಫಾರ್ಮ್ಯಾಟ್ ಎಂದರೆ ಸ್ವಚ್ಛ ಬಳಿದಂತೆ. ಪೆನ್‌ಡ್ರೈವಿನ ಮೇಲೆ ಬಲಗಡೆ ಕ್ಲಿಕ್, 'ಫಾರ್ಮ್ಯಾಟ್', 'ಫೈಲ್ ಸಿಸ್ಟಮ್' ಎಂಬಲ್ಲಿ ಫ್ಯಾಟ್32, ಆಮೇಲೆ 'ಸ್ಟಾರ್ಟ್'. ವಿಂಡೋಸಿನ ಈ ಪಟ್ಟಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಸಾಮಾನ್ಯವಾಗಿ ಕಾಣಿಸುವುದಿಲ್ಲ. ರೂಫಸ್ ಎಂಬ ಪುಕ್ಕಟೆ ಪ್ರೋಗ್ರಾಮಿನಿಂದ ಮಾಡಬಹುದು, ಆದರೆ ನನ್ನ ಸಲಹೆ ಬೇರೆ: ಹಾಡಿಗೆಂದು 16 ಅಥವಾ 32 ಜಿಬಿಯದನ್ನೇ ಕೊಳ್ಳಿ. 270 ತಾಸಿನ ಹಾಡು ಒಂದು ಹಂಗಾಮಿಗೆ ಸಾಲದೇ?

ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರ ಬಹಳ ಅಗ್ಗಕ್ಕೆ ಸಿಗುವ ದೊಡ್ಡ ಜಿಬಿಯ ಕಾರ್ಡಿನ ಬಗ್ಗೆ ಎಚ್ಚರ. ಮೇಲೆ 128 ಎಂದು ಬರೆದಿರುತ್ತದೆ, ಒಳಗೆ ಇರುವುದು 8. ಮೊದಲಿನ ಹಾಡುಗಳು ಸರಿಯಾಗಿ ಹಾಡುತ್ತವೆ, 8 ಜಿಬಿ ದಾಟಿದ ನಂತರದವು ಕರಕರ ಎನ್ನುತ್ತವೆ, ಇಲ್ಲವೇ ಮೂಕ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆ ಪ್ರೋಗ್ರಾಮ್ ಓಡಿಸಿದರೆ ನಿಜವಾದ ಅಳತೆ ಹೊರಬೀಳುತ್ತದೆ. ಕೊಂಡ ದಿನವೇ ಓಡಿಸಿ, ಮರುವಾರ ಆ ವ್ಯಾಪಾರಿ ಅದೇ ಜಾಗದಲ್ಲಿ ಸಿಗುತ್ತಾನೆಂದು ಏನು ಖಾತ್ರಿ?

ಹೆಜ್ಜೆ 6: ಹೆಸರು, ಸಾಲು

ಕನ್ನಡದಲ್ಲಿ ಹೆಸರಿಟ್ಟ ಹಾಡು ಅಗ್ಗದ ಡೆಕ್ಕಿನ ಪರದೆಯ ಮೇಲೆ ಬರೀ ಚೌಕ ಚೌಕವಾಗಿ ಕಾಣುತ್ತದೆ, ಕೆಲವು ಡೆಕ್ ಅಂಥ ಫೈಲನ್ನೇ ಬಿಟ್ಟು ಹೋಗುತ್ತವೆ. ಬೇಸರದ ಸಂಗತಿ, ಆದರೆ ಡೆಕ್ಕಿನ ಪೆನ್‌ಡ್ರೈವಿಗೆ ರೋಮನ್ ಅಕ್ಷರದಲ್ಲಿ ಚಿಕ್ಕ ಹೆಸರಿಡಿ. ಮನೆಯ ಪ್ರತಿಗೆ ಕನ್ನಡ ಹೆಸರೇ ಇರಲಿ.

ಹಾಡು ಹಿಂದೆಮುಂದೆ ಬರುತ್ತದೆ ಎಂಬುದು ಇನ್ನೊಂದು ದೂರು. ಬಹಳಷ್ಟು ಡೆಕ್‌ಗಳು ಅಕ್ಷರದ ಸಾಲು ನೋಡುವುದಿಲ್ಲ, ನೀವು ಯಾವುದನ್ನು ಮೊದಲು ಕಾಪಿ ಮಾಡಿದಿರೋ ಅದನ್ನು ಮೊದಲು ಹಾಡುತ್ತವೆ. ಶ್ರೀಕೃಷ್ಣ ಪಾರಿಜಾತದ ಆಟವನ್ನು ತುಂಡು ತುಂಡಾಗಿ ಹಾಕಿಕೊಂಡವರಿಗೆ ಇದು ದೊಡ್ಡ ಪೀಕಲಾಟ: ಗೊಲ್ಲತಿಯ ಮಾತು ಮುಗಿದ ಮೇಲೆ ಗಣಪತಿ ಸ್ತುತಿ ಬರುತ್ತದೆ. ಹೆಸರಿನ ಮುಂದೆ 01, 02, 03 ಎಂದು ಹಾಕಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಅದೇ ಸಾಲಿನಲ್ಲಿ ಮತ್ತೆ ಕಾಪಿ ಮಾಡಿ. ಬರೀ 1, 2 ಎಂದಿಟ್ಟರೆ 1ರ ನಂತರ 10 ಬಂದೀತು, ಸೊನ್ನೆ ಮರೆಯಬೇಡಿ.

ಕೆಲವು ಹಾಡಿಗೆ ಬಂದಾಗ ಡೆಕ್ ಗಕ್ಕನೆ ನಿಂತರೆ ಅದರೊಳಗೆ ದೊಡ್ಡ ಚಿತ್ರ ಅಂಟಿಸಿದೆಯೇ ನೋಡಿ. ಎಂಪಿ3ಟ್ಯಾಗ್ ಎಂಬ ಪ್ರೋಗ್ರಾಮಿನಲ್ಲಿ ಚಿತ್ರ ತೆಗೆದುಹಾಕಿದರೆ ಸರಿಹೋಗುತ್ತದೆ.

ಹಾಗಾದರೆ ಕೀಲಿಯಿಲ್ಲದ ಹಾಡು ಎಲ್ಲಿಂದ ತರುವುದು?

ಕೊಳ್ಳುವುದಾದರೆ ಐಟ್ಯೂನ್ಸ್ ಅಂಗಡಿಯ ಹಾಡಿಗೆ ಈಗ ಕೀಲಿಯಿಲ್ಲ, 256 ಕೆಬಿಪಿಎಸ್‌ನ ಎಂ4ಎ ಬರುತ್ತದೆ, ಹೆಜ್ಜೆ 4ರಂತೆ ಬದಲಿಸಿಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟಿನಲ್ಲಿ ಕಲಾವಿದರೇ ಮಾರುತ್ತಾರೆ, ಎಂಪಿ3 ಬೇಕೋ ಫ್ಲ್ಯಾಕ್ ಬೇಕೋ ನೀವೇ ಆರಿಸಬಹುದು. ಸಿ.ಡಿ. ಸಿಕ್ಕರೆ ಬಿಡಬೇಡಿ. ಕೊಂಡ ಸಿ.ಡಿ.ಯನ್ನು ಸ್ವಂತ ಖಾಸಗಿ ಬಳಕೆಗೆ ನ್ಯಾಯವಾಗಿ ಬಳಸಿಕೊಳ್ಳಲು ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ, ರೊಕ್ಕ ತೆಗೆದುಕೊಂಡು ಊರಿನ ಕಾರ್ಡುಗಳನ್ನೆಲ್ಲ ತುಂಬಿಸುವ ಅಂಗಡಿಗೆ ಅದು ಅನ್ವಯಿಸದು.

ಹಳೆಯದರ ರುಚಿ ಇದ್ದವರಿಗೆ ಇನ್ನೊಂದು ದಾರಿಯಿದೆ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು 1940ರ ದಶಕದಲ್ಲಿ ಹಾಡಿದ ಗ್ರಾಮೊಫೋನ್ ತಟ್ಟೆಗಳ ಮೇಲಿನ ಆ ಹಕ್ಕು ಯಾವಾಗಲೋ ಮುಗಿದಿದೆ. ಸಾಹಿತ್ಯ, ಸಂಗೀತ ಮಾಡಿದವರ ಹಕ್ಕಿನ ಲೆಕ್ಕ ಬೇರೆ, ಅದು ಅವರು ತೀರಿಹೋದ ಮೇಲೂ 60 ವರ್ಷ ನಡೆಯುತ್ತದೆ. ಕೇಳಿಕೊಳ್ಳುವವರಿಗೆ ತೊಂದರೆಯಿಲ್ಲ, ಮಾರಲು ಹೊರಟವರು ವಿಚಾರಿಸಿಕೊಳ್ಳಿ.

ಅಟ್ಟದ ಮೇಲೆ ಕ್ಯಾಸೆಟ್ ಇದ್ದರೆ ಇಳಿಸಿ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಎರಡೂ ತುದಿಗೆ ಪಿನ್ ಇರುವ ವಾಯರ್, ಒಳಗೆ ಅಡಾಸಿಟಿ ಎಂಬ ಧ್ವನಿ ಮುದ್ರಿಸುವ ಪ್ರೋಗ್ರಾಮ್. ಈಗಿನ ಲ್ಯಾಪ್‌ಟಾಪಿನ ತೂತು ಮೈಕಿಗೆ ಮಾತ್ರ ಸರಿಹೋಗುವಂಥದು, 'ಲೈನ್ ಇನ್' ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಮೊದಲು ರೀಲನ್ನು ಒಮ್ಮೆ ಪೂರ್ತಿ ಮುಂದೆ ಓಡಿಸಿ ಹಿಂದೆ ತನ್ನಿ, ವರ್ಷಗಟ್ಟಲೆ ಸುತ್ತಿಕೊಂಡದ್ದು ಸಡಿಲವಾಗುತ್ತದೆ. ಪರದೆಯ ಮೇಲೆ ಅಳತೆಯ ಪಟ್ಟಿ ಕೆಂಪು ಮುಟ್ಟದಂತೆ ವಾಲ್ಯೂಮ್ ಇಡಿ. ಮೊದಲು ವೇವ್ (ಧ್ವನಿ ಕಳೆಯದ ಬಗೆಯ ಫೈಲು) ಆಗಿ ಉಳಿಸಿ, ಆಮೇಲೆ ಎಂಪಿ3 ಮಾಡಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅವಸರದ ದಾರಿ ಇದಕ್ಕಿಲ್ಲ. ಅಪ್ಪನ ನಲವತ್ತು ಸಿ.ಡಿ.ಯಲ್ಲಿ ಹನ್ನೊಂದು ತಿರುಗಿ ಸಿಕ್ಕವು. ಉಳಿದದ್ದರಲ್ಲಿ ಆರೇಳು ಹೀಗೆ ಬೇರೆಯವರ ಕ್ಯಾಸೆಟ್ಟಿನಿಂದ ಬಂದವು. ಒಂದರಲ್ಲಿ ಪದದ ನಡುವೆ ಯಾರೋ ಹೆಣ್ಣುಮಗಳು "ಎಮ್ಮಿ ಬಿಚ್ಚಕೊಂಡ ಹೊಂಟೈತ್ರೋ" ಎಂದು ಕೂಗುವುದೂ ಸೇರಿದೆ. ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

ಹೆಜ್ಜೆ 7: ಮನೆಯಲ್ಲಿ ಒಂದು ಪ್ರತಿ

ಡೆಕ್ಕಿನಲ್ಲಿರುವುದು ಓಡಾಡುವ ಪ್ರತಿ. ಮೂಲವೆಲ್ಲ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಒಂದೇ ಫೋಲ್ಡರಿನಲ್ಲಿರಲಿ, ಅದರದೊಂದು ನಕಲು ಬೇರೆ ಮನೆಯಲ್ಲಿ, ತಮ್ಮನ ಹತ್ತಿರವೋ ಮಗಳ ಹತ್ತಿರವೋ. ಹೊಸ ಹಾಡು ಮೊದಲು ಮನೆಗೆ, ಆಮೇಲೆ ಡೆಕ್ಕಿಗೆ. ಪೆನ್‌ಡ್ರೈವನ್ನು ಹಾಡು ನಡೆಯುತ್ತಿರುವಾಗ ಕೀಳಬೇಡಿ. ಕೊಳ್ಳುವಾಗ ಉಗುರಿನಷ್ಟು ಗಿಡ್ಡದನ್ನು ಕೊಳ್ಳಿ, ಉದ್ದದ್ದು ಟ್ರ್ಯಾಕ್ಟರಿನಲ್ಲಿ ಬಾಳುವುದಿಲ್ಲ. ರಾತ್ರಿ ಹತ್ತರ ನಂತರ ವಾಲ್ಯೂಮ್ ಇಳಿಸಿ ಎಂದು ಅಳಿಯನಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ: ಕಾಯ್ದೆಯ ಮಾತು ಹಾಗಿರಲಿ, ಹಿಂದಿನ ಬಸ್ಸಿನ ಹಾರ್ನು ಕೇಳಬೇಕಲ್ಲ.

ಮೊನ್ನೆ ಅಂಗಳದಲ್ಲಿ ಕೆಳಗಿಳಿಯುವಾಗ ಅವನ ಮೊಣಕಾಲು ಬಡಿದು ಪೆನ್‌ಡ್ರೈವ್ ಎರಡು ತುಂಡಾಯಿತು. ಈ ಸಲ ಫೋನಿನಲ್ಲಿ ಡೆಕ್ಕನ್ನು ಬೈಯಲಿಲ್ಲ. "ಮಾವಾ, 16ರದ ಗಿಡ್ಡಂದ ತಗೊಂಡೀನಿ. ಫ್ಯಾಟ್ ಮೂವತ್ತೆರಡ ಮಾಡೇ ತರ್ತೀನಿ. ಕಂಪ್ಯೂಟರ್ ಹಚ್ಚಿಡ್ರಿ, ಒಂದ ತಾಸಿನಾಗ ಗಾಡಿ ಹೊಳ್ಳಿ ಹೊಂಡಬೇಕು."